ಆ ಎಕ್ಸ್‌ರೇ ಯಂತ್ರದ ಮುಂದೆ ನಿಂತವನು ಯಾರು?

ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ಇನ್ನೂರ ಮೂವತ್ತೊಂದು
ಹಿರೇಮುದ್ದಾಪುರ, ಮಲಪ್ರಭೆಯ ಎಡದಂಡೆ

ಗಿರಿಮಲ್ಲಿಗೆ ನಾಟ್ಯ ಸಂಘದ ನಾಯಕ ನಟರೂ, ನನ್ನ ಮುತ್ತಜ್ಜನ ಮುತ್ತಜ್ಜನಿಗೆ ತಂದೆಯೂ ಆದ ಬಸಲಿಂಗಪ್ಪ ಬಣ್ಣದ ಅವರ ಪಾದಗಳಿಗೆ, ಭರಮಪ್ಪ ಬಣ್ಣದ ಎಂಬ ಮುದುಕ ನಟನು ಏಳು ತಲೆಮಾರಿನ ಆಚೆಯಿಂದ ಸಲ್ಲಿಸುವ ನಮಸ್ಕಾರ ಮತ್ತು ಒಂದು ದೂರು.

ತಾರೀಖು ನೋಡಿ ನಗಬೇಡಿ. ಜನವರಿಯ ಹತ್ತಿರ ಒಂದು ದಿನ, ಮಾರ್ಚ್ ತಿಂಗಳ ಹತ್ತಿರ ಒಂದು ದಿನ ಕಸಿದುಕೊಂಡು ಫೆಬ್ರವರಿ ನಮ್ಮ ಕಾಲದಲ್ಲಿ ಮೂವತ್ತು ದಿನಗಳ ಮರ್ಯಾದಸ್ಥ ತಿಂಗಳಾಗಿದೆ. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಿವಿಗೆ ಒರಟಾಗಿ, ಕೆಲವು ಹುಚ್ಚುಹುಚ್ಚಾಗಿ ಕೇಳಿಸಿಯಾವು, ಕ್ಷಮಿಸಬೇಕು. ಇನ್ನೂರು ವರ್ಷ ಉರುಳಿದ ಮೇಲೆ ಭಾಷೆಯೂ ಮುಖದ ಬಣ್ಣ ಬದಲಿಸುತ್ತದೆ. ಗೊತ್ತಿಲ್ಲದ ಪದ ಬಂದಲ್ಲಿ ನಿಂತು ವಿವರಿಸುತ್ತೇನೆ. ಧ್ವನಿಯನ್ನು ಮಾತ್ರ ತಗ್ಗಿಸಲಾರೆ. ಖಳನಾಯಕನಾಗಿ ಐವತ್ತು ವರ್ಷ ಗರ್ಜಿಸಿದ ಗಂಟಲು ಇದು. ಕಟ್ಟಕಡೆಯ ಸಾಲಿನಲ್ಲಿ ಚಾಪೆ ಹಾಸಿ ಕೂತವನಿಗೂ ಮುಟ್ಟಬೇಕು ಎಂದು ಪಳಗಿದ ಗಂಟಲು. ನನ್ನಿಂದ ನಿಮ್ಮವರೆಗೆ ಎಷ್ಟು ಸಾಲುಗಳಿವೆ ನೋಡಿ. ಕೂಗಲೇಬೇಕು!

ಇನ್ನೊಂದು ಪೇಚಾಟ. ನೀವು ನನಗೆ ಏಳು ತಲೆಮಾರು ಹಿರಿಯರು. ಆದರೆ ಈ ಪತ್ರ ನಿಮ್ಮ ಕೈಸೇರುವಾಗ ನಿಮಗೆ ಮೂವತ್ತನಾಲ್ಕು, ಬರೆಯುತ್ತಿರುವ ನನಗೆ ಎಪ್ಪತ್ತಾರು. ಕಾಲಿಗೆ ಬೀಳಬೇಕೋ ಕಿವಿ ಹಿಂಡಬೇಕೋ ತಿಳಿಯದೆ ಬಹುವಚನದಲ್ಲೇ ಬರೆಯುತ್ತಿದ್ದೇನೆ. ಪತ್ರ ಬರುವುದು ಹಿಂದಂಚೆಯಿಂದ. ಅದು ಕಾಲದಲ್ಲಿ ಹಿಮ್ಮುಖ ಹರಿಯುವ ಟಪಾಲು. ಸರ್ಕಾರ ಒಂದು ಮನೆತನಕ್ಕೆ ಒಂದೇ ಸಲ ಕೊಡುವ ಅವಕಾಶ. ಆ ಟಪಾಲಿನವರನ್ನೂ ನಾನು ಪೂರ್ತಿ ನಂಬಿಲ್ಲ. ಲಕೋಟೆಯ ಅಂಟು ಒಡೆದಿದ್ದರೆ ಯಾರೋ ಓದಿಯೇ ಕಳಿಸಿದ್ದಾರೆ ಎಂದು ತಿಳಿಯಿರಿ.

ಈ ಅನುಮಾನ ನನ್ನೊಬ್ಬನ ರೋಗವಲ್ಲ. ನಾವು ಉಸಿರಾಡುವ ಗಾಳಿಯೇ ಅದು. ನಿಮ್ಮ ಕಾಲದ ಕೊನೆಗೆ ಜನರು ಎಲ್ಲವನ್ನೂ ಯಂತ್ರದೊಳಗೆ ತುಂಬಿದರಲ್ಲ, ಮುಖ, ಧ್ವನಿ, ಸಹಿ, ರಕ್ತದ ಲೆಕ್ಕ, ವಂಶದ ಲೆಕ್ಕ? ಮುಂದೆ ಒಂದು ದಿನ ಅದನ್ನೆಲ್ಲ ಯಾರೋ ತಿದ್ದಿಬಿಟ್ಟರು. ಯಾರದೋ ತಂದೆ ಯಾರಿಗೋ ತಂದೆಯಾದ. ಸತ್ತವರು ಬಂದು ಜಮೀನು ಮಾರಿದರು. ನಾವದನ್ನು ಮಹಾ ಅಳಿಕೆ ಎನ್ನುತ್ತೇವೆ. ಅಂದಿನಿಂದ ಯಾರೂ ಯಾವುದನ್ನೂ ನಂಬುವುದಿಲ್ಲ. ಹಾಲು ಮಾರುವವಳು ಮೊದಲು ತಾನು ಒಂದು ಗುಟುಕು ಕುಡಿದು ತೋರಿಸಿ ಆಮೇಲೆ ಅಳೆಯುತ್ತಾಳೆ. ರೊಟ್ಟಿ ಬಡಿಯುವವಳು ತೋಳು ಏರಿಸಿ ಎರಡೂ ಕೈ ತಿರುಗಿಸಿ ತೋರಿಸುತ್ತಾಳೆ. ಇಬ್ಬರು ಭೇಟಿಯಾದರೆ ನಾವು ಕೈಮುಗಿಯುವುದಿಲ್ಲ, ಒಬ್ಬರ ಮೊಳಕೈಯನ್ನು ಇನ್ನೊಬ್ಬರು ಒತ್ತಿ ನೋಡುತ್ತೇವೆ, ಒಳಗಿರುವುದು ಹುಟ್ಟೆಲುಬೋ ಕಸಿಯೆಲುಬೋ ಎಂದು. ಕಸಿಯೆಲುಬು ಎಂದರೆ ತೊಟ್ಟಿಗಳಲ್ಲಿ ಬದನೆಕಾಯಿಯ ಹಾಗೆ ಬೆಳೆಸಿ ಮೈಗೆ ಕೂಡಿಸುವ ಎಲುಬು. ಅದು ಹುಟ್ಟೆಲುಬಿಗಿಂತ ನೆಟ್ಟಗಿರುತ್ತದೆ. ಆದ್ದರಿಂದಲೇ ಮೋಸಗಾರರಿಗೆ ಅದು ಪ್ರಿಯ.

ಇಂಥ ಲೋಕದಲ್ಲಿ ಜನ ನಂಬುವ ವಸ್ತು ಒಂದೇ ಉಳಿದಿದೆ: ನಿಮ್ಮ ಕಾಲದ ಎಕ್ಸ್‌ರೇ ಫಿಲ್ಮು! ನೀವು ಡಾಕ್ಟರರಿಗೆ ತೋರಿಸಿ ಮನೆಗೆ ತಂದು, ಬೀರುವಿನ ಮೇಲೆ ಎಸೆದು ಮರೆಯುತ್ತೀರಲ್ಲ, ಆ ಕಪ್ಪು ಹಾಳೆ. ಅದರ ಮೈಯಲ್ಲಿ ಬೆಳ್ಳಿಯ ಅಂಶವಿದೆ. ಅದರಲ್ಲಿ ಬಿದ್ದ ನೆರಳನ್ನು ಆಮೇಲೆ ತಿದ್ದಲಾಗದು. ನಾವದನ್ನು ಬೆಳ್ಳಿನೆರಳು ಎನ್ನುತ್ತೇವೆ. ಬೆಳ್ಳಿಯ ಆಸೆಗೆ ನಿಮ್ಮವರು ಲಕ್ಷಾಂತರ ಫಿಲ್ಮು ಕರಗಿಸಿಬಿಟ್ಟರು. ಉಳಿದ ಒಂದೊಂದೂ ಈಗ ಒಂದೊಂದು ಮನೆತನದ ಹಕ್ಕುಪತ್ರ. ದೇವರ ಪಕ್ಕದಲ್ಲಿ ತೂಗುಹಾಕಿ ಊದಿನಕಡ್ಡಿ ಬೆಳಗುತ್ತೇವೆ.

ಇನ್ನು ಕೇಳಿ, ನಿಮಗೆ ನಂಬಲು ಕಷ್ಟವಾಗುವ ಸಂಗತಿ. ಹುಟ್ಟಿನಿಂದ ಬಂದ ಎಲುಬಿನ ದೋಷ ಎಂದು ನೀವು ಯಾವುದನ್ನು ಬಾಗಿಲು ಹಾಕಿ ಪಿಸುಗುಟ್ಟುತ್ತೀರೋ, ಅದೇ ನಮ್ಮಲ್ಲಿ ಮನೆತನದ ಮುದ್ರೆ. ಒಂದು ಕುಟುಂಬದವರ ಎಲುಬಿನ ತುದಿಗಳಲ್ಲಿ ಸಾಸಿವೆ ಎರಚಿದಂಥ ಬಿಳಿ ಚುಕ್ಕೆಗಳು. ಅಜ್ಜನ ನೆರಳಿನಲ್ಲೂ ಇವೆ, ಮೊಮ್ಮಗನ ನೆರಳಿನಲ್ಲೂ ಇವೆ. ನೋಯಿಸುವುದಿಲ್ಲ, ಕುಂಟಿಸುವುದಿಲ್ಲ, ಚಿತ್ರದಲ್ಲಿ ಮಾತ್ರ ಕಾಣುತ್ತವೆ. ಅವರು ಸಾಸಿವೆ ಮನೆತನದವರು. ಮೊಳಕಾಲಿನ ಹತ್ತಿರ, ಮುಂಗೈ ಹತ್ತಿರ ಎಲುಬು ಗಂಟುಗಂಟಾಗಿ ಚಿಗುರುವವರು ಗಂಟಿನ ಮನೆತನದವರು. ಎಲುಬು ಸೀಮೆಸುಣ್ಣದಂತೆ ಬೆಳ್ಳಗೆ, ಗಟ್ಟಿಯಾಗಿ ಕಾಣುವವರು ಕಲ್ಲಿನ ಮನೆತನದವರು; ತೆಳ್ಳಗೆ ಬಳಪದಂತೆ ಮುರಿಯುವವರು ಗಾಜಿನ ಮನೆತನದವರು. ಕಲ್ಲಿನವರೂ ಗಾಜಿನವರೂ ಪಡುವ ನೋವು ಸಣ್ಣದಲ್ಲ. ಅದಕ್ಕೆ ಮದ್ದಿದೆ, ಆರೈಕೆಯಿದೆ. ಆದರೆ ನಾಚಿಕೆ ಇಲ್ಲ! ಏಕೆಂದರೆ ಹಳೆಯ ನೆರಳಿನಲ್ಲಿದ್ದ ಗುರುತು ಈಗಿನ ಮೈಯಲ್ಲೂ ಇದ್ದರೆ ಅವನು ಅವರ ಮನೆಯವನೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅನುಮಾನವೆಲ್ಲ ನೆಟ್ಟಗಿರುವ ಎಲುಬಿನವರ ಮೇಲೆ. ನೆಟ್ಟಗಿರುವ ಎಲುಬು ಯಾರದ್ದಾದರೂ ಆಗಬಹುದಲ್ಲ!

ನಮ್ಮದು, ನನ್ನ ದೊರೆಯೇ, ನೆಟ್ಟಗಿರುವ ಮನೆತನ. ನಮ್ಮ ಡೇರೆಯಲ್ಲಿ ತೂಗುವ ಬೆಳ್ಳಿನೆರಳು ನಿಮ್ಮದು. ಎದೆಯ ಚಿತ್ರ. ಅಂಚಿನಲ್ಲಿ ನಿಮ್ಮ ಹೆಸರು, ವಯಸ್ಸು. ಆಹಾ, ಏನು ಎದೆ! ಪಕ್ಕೆಲುಬುಗಳು ವೀಣೆಯ ಮೆಟ್ಟುಗಳಂತೆ. ಕೊರಳ ಬುಡದಿಂದ ಎರಡೂ ಹೆಗಲಿಗೆ ಬಿಲ್ಲು ಬಾಗಿಸಿಟ್ಟಂಥ ಕೊರಳೆಲುಬುಗಳು. ಏಳು ತಲೆಮಾರು ನಾವು ಆ ಬಿಲ್ಲುಗಳಿಗೆ ಕೈಮುಗಿದೆವು. ಆ ಒಂದು ಹಾಳೆಯ ಬಲದಿಂದ ಗಿರಿಮಲ್ಲಿಗೆ ಸಂಘಕ್ಕೆ ಊರೂರಲ್ಲಿ ಇಡೀ ಋತು ಡೇರೆ ಹೊಡೆಯುವ ಹಕ್ಕಿತ್ತು, ಕುಡಿಯುವ ನೀರಿನ ಪಾಲಿತ್ತು, ನೆರಳುಳ್ಳ ಮನೆಗಳಲ್ಲಿ ಹೆಣ್ಣು ತರುವ, ಕೊಡುವ ಅರ್ಹತೆಯಿತ್ತು.

ಇತ್ತು.

ನನ್ನ ಮಗ ಈರಣ್ಣ ಈಗ ಸಂಘದ ನಾಯಕ ನಟ. ಅವನ ಹೆಂಡತಿ ಕಲ್ಲವ್ವ ಮುದ್ದೇಬಿಹಾಳದ ಕಡೆಯ ಹೆಣ್ಣು, ನಾಟಕದವಳಲ್ಲ. ಹತ್ತಿ ಬಿಡಿಸುವ ಮನೆಯಿಂದ ಬಂದು ನಮ್ಮ ಡೇರೆಯ ಅಡುಗೆ, ಉಡುಪು, ಟಿಕೇಟು ಮೂರನ್ನೂ ಹಿಡಿದವಳು. ಇವರ ಒಬ್ಬಳೇ ಮಗಳು ನಿಂಬವ್ವ. ಹದಿನೇಳು ತುಂಬಿತು. ಗಂಟಿನ ಮನೆತನದವರು ಹೆಣ್ಣು ಕೇಳಿ ಬಂದರು. ನಮ್ಮ ಕಟ್ಟಳೆಯ ಪ್ರಕಾರ ಹದಿನೇಳಕ್ಕೆ ಮೊದಲು ಯಾರ ಎಲುಬಿನ ಚಿತ್ರವನ್ನೂ ತೆಗೆಯುವಂತಿಲ್ಲ. ಮದುವೆಯ ಮಾತು ಬಂದಾಗ ಹೊಸ ಚಿತ್ರ ತೆಗೆದು, ಮನೆತನದ ಬೆಳ್ಳಿನೆರಳಿನ ಪಕ್ಕ ಹಿಡಿದು, ಊರಿನ ನೆರಳುಕಟ್ಟೆಯ ಮೇಲೆ ನಡುಮಧ್ಯಾಹ್ನದ ಬಿಸಿಲಿಗೆ ಓದಬೇಕು. ದೀಪದ ಬೆಳಕಿಗೆ ಓದಿದರೆ ದೀಪದ ಮೇಲೂ ಅನುಮಾನ ಬರುತ್ತದೆ. ಸೂರ್ಯನ ಮೇಲೆ ಇನ್ನೂ ಯಾರಿಗೂ ಬಂದಿಲ್ಲ.

ಪರದೆ ಏಳಲಿ! ನೆರಳುಕಟ್ಟೆಯ ಸುತ್ತ ಊರಿಗೆ ಊರೇ ನಿಂತಿದೆ. ಕಟ್ಟೆಯ ಮೇಲೆ ಸಂಕಮ್ಮ ದೇಸಾಯಿ, ಈ ಸೀಮೆಯ ನೆರಳುಗಾರ್ತಿ. ನೆರಳುಗಾರ್ತಿ ಎಂದರೆ ಎಲುಬಿನ ಚಿತ್ರ ಓದಿ ತೀರ್ಪು ಕೊಡುವ ಅಧಿಕಾರಿ. ಅವಳ ಮಾತಿಗೆ ಮೇಲ್ಮನವಿ ಇಲ್ಲ. ಎಡಗೈಯಲ್ಲಿ ನಿಮ್ಮ ನೆರಳು, ಬಲಗೈಯಲ್ಲಿ ನಿಂಬವ್ವನ ನೆರಳು. ಎರಡನ್ನೂ ಬಿಸಿಲಿಗೆತ್ತಿದಳು. ಎಡದಲ್ಲಿ ಬಿಲ್ಲಿನಂಥ ಎರಡು ಕೊರಳೆಲುಬು. ಬಲದಲ್ಲಿ ಆ ಜಾಗ ಖಾಲಿ! ಮುರಿದಿದ್ದಲ್ಲ, ಸವೆದಿದ್ದಲ್ಲ. ಎದೆಯ ಕಡೆ ಮೊಳಕೆಯಷ್ಟು ಚೂರು ಬಿಟ್ಟರೆ ಎಲುಬೇ ಇಲ್ಲ. ಹೆಗಲುಗಳು ಗೂಟ ಕಿತ್ತ ಡೇರೆಯಂತೆ ಇಳಿಬಿದ್ದಿವೆ.

ಸಂಕಮ್ಮ ಹಾಳೆಗಳನ್ನು ಕೆಳಗಿಳಿಸಿದಳು. ಆಮೇಲೆ ಕೇಳಿದ್ದು ನನ್ನನ್ನಲ್ಲ, ಕಲ್ಲವ್ವನನ್ನು.

“ತಂಗಿ, ಹಿಂಗ ಹುಟ್ಟಿನಿಂದ ಕೊರಳೆಲುಬು ಇಲ್ಲದವರು ಸುಮ್ಮ ಸುಮ್ಮನ ಹುಟ್ಟೂದು ಅಪರೂಪ. ಬಹಳ ಮಾಡಿ ತಂದಿ ಕಡಿಂದರ ಬರಬೇಕು, ತಾಯಿ ಕಡಿಂದರ ಬರಬೇಕು. ನಿನ್ನ ಹೆಗಲ ಒತ್ತಿ ನೋಡೇನಿ, ನಿನಗ ಅದಾವ. ನಿನ್ನ ಗಂಡನ ಮದುವಿ ಚಿತ್ರದಾಗೂ ಅದಾವ. ಇವರ ಮನಿ ಮೂಲಪುರುಷಗ ಹೆಂಗ ಅದಾವು ನೋಡು, ಒನಕಿ ಅದಾಂಗ. ಹಂಗಾದ್ರ ಈ ಹುಡುಗಿ ಯಾರ ಕಡಿಂದ ತಂದ್ಲು?”

ಗುಂಪಿನಲ್ಲಿ ಗುಸುಗುಸು ಎದ್ದಿತು. ಗಂಡಿನ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು, ಊರಿಗೆಲ್ಲ ಕೇಳುವ ಪಿಸುಮಾತಿನಲ್ಲಿ, “ಡೇರೆ ಅಂದ ಮ್ಯಾಲೆ ನಾಕ ದಿಕ್ಕಿಗೂ ಬಾಗಲಾ ಇರ್ತಾವ ಬಿಡ್ರಿ” ಅಂದಳು.

ಕಲ್ಲವ್ವ ಕಟ್ಟೆ ಹತ್ತಿದಳು. ರಂಗದ ಮೇಲೆ ಒಂದು ದಿನವೂ ನಿಂತವಳಲ್ಲ. ಆ ಹೊತ್ತು ನನ್ನ ಐವತ್ತು ವರ್ಷದ ಗರ್ಜನೆ ಅವಳ ಮುಂದೆ ಬೆಕ್ಕಿನ ಕೂಗು.

“ಯಾಕ್ರೀ ಅವ್ವಾರ, ಎಲುಬು ಇಲ್ಲದ್ದಕ್ಕ ಸಾಕ್ಷಿ ನನ್ನ ಸೆರಗಿನ್ಯಾಗ ಹುಡಕತೀರಿ? ನನ್ನ ಗಂಡನ ಬಾಯಿ ತಗಸಿ ನೋಡ್ರಿ ಮೊದಲ! ನಲವತ್ತು ದಾಟಿದ್ರೂ ಮುಂದಿನ ಹಾಲಹಲ್ಲ ಬಿದ್ದಿಲ್ಲ ಅವರಿಗೆ. ಜನಾ ಅದನ್ನ ಮುದ್ದು ನಗಿ ಅಂತ ಸೀಟಿ ಹೊಡೀತಾರ. ನನ್ನ ಮಗಳಿಗೂ ಹಂಗ ಹಲ್ಲ ಬಿದ್ದಿಲ್ಲ. ಅದು ಯಾರ ಕಡಿಂದ ಬಂತು ಹೇಳ್ರಿ ಹಂಗಾದ್ರ! ಏನ್ರೀ, ಬಾಯಿ ತಗೀರಿ!”

ಈರಣ್ಣ, ಸಾವಿರ ಜನರೆದುರು ಹತ್ತು ರಾಕ್ಷಸರನ್ನು ಕೊಲ್ಲುವ ಈರಣ್ಣ, ತುಟಿ ಬಿಗಿದು ನಿಂತ. “ನನಗೇನ ಗೊತ್ತ? ನೆರಳಿನ್ಯಾಗ ಏನೈತಿ ಅದು ಖರೆ” ಅಂದ. ಹೆಂಡತಿಯ ಮುಖ ನೋಡಲಿಲ್ಲ. ಅವನೂ ಅನುಮಾನದ ಕಾಲದ ಮಗನೇ ಅಲ್ಲವೇ!

ಕಟ್ಟಳೆ ಏನು ಹೇಳುತ್ತದೆ ಗೊತ್ತೇ? ನೆರಳು ಹೊಂದದ ಮಗು ಆ ಮನೆಯದಲ್ಲ. ಅದರ ತಾಯಿಗೂ ಆ ಮನೆಯಲ್ಲಿ ಜಾಗವಿಲ್ಲ. ಅಂದೇ ಸಂಜೆಯೊಳಗೆ ಇಬ್ಬರೂ ಡೇರೆ ಬಿಡಬೇಕು. ಸಂಕಮ್ಮ ತೀರ್ಪು ಹೇಳಲು ಗಂಟಲು ಸರಿಮಾಡಿಕೊಂಡಳು. ನಾನು ಸುತ್ತಲೂ ನೋಡಿದೆ. ಹೊಸ ಚಿತ್ರ ತೆಗೆದ ಯಂತ್ರವನ್ನು ಅನುಮಾನಿಸಿದೆ, ಗಂಡಿನ ಕಡೆಯವರು ಲಂಚ ಕೊಟ್ಟಿರಬಹುದೇ ಎಂದು ಸಂಕಮ್ಮನನ್ನೂ ಅನುಮಾನಿಸಿದೆ. ಒಬ್ಬರನ್ನು ಮಾತ್ರ ಅನುಮಾನಿಸಲು ನನಗೆ ಹೊಳೆಯಲೇ ಇಲ್ಲ. ಅವರು ಯಾರೆಂದು ನಿಮಗೀಗ ಗೊತ್ತಾಗುತ್ತಿರಬೇಕು.

ಆಗ ನಿಂಬವ್ವ ನನ್ನ ಧೋತರದ ಚುಂಗು ಹಿಡಿದು ಎಳೆದಳು. “ಅಜ್ಜಾ, ಸೆರೆಮನಿ ಗ್ವಾಡಿ ತರಸ್ರಿ.”

“ಈಗ್ಯಾಕವ್ವಾ ಅದು? ಇದೇನ ನಾಟಕೇನ?”

“ತರಸ್ರಿ ಅಂದ್ನೆಲ್ಲ. ಹಲಗಿ ಎಳ್ಯೂ ಮಂದೀನ ಕರೀಬ್ಯಾಡ್ರಿ. ಗ್ವಾಡಿ ಒಂದ ತರಸ್ರಿ.”

ನೀವು ಕಟ್ಟಿದ ನಾಟಕ ನಿಮಗೇ ವಿವರಿಸುವುದು ನಗೆಪಾಟಲು. ಆದರೆ ನೀವು ಬಿಟ್ಟುಹೋದ ಮೇಲೆ ಅದು ನಮ್ಮಲ್ಲಿ ಏನಾಗಿದೆ ಎಂಬುದು ತಿಳಿಯಲಿ. ಕೋಟೆಯ ಕೈದಿಯಾದ ರಾಜಕುಮಾರ, ಎರಡೂ ಕೈ ಎದೆಗೆ ಬಿಗಿದು ಕಟ್ಟಿದ್ದಾರೆ. ಸೆರೆಮನೆಯ ಗೋಡೆಯಲ್ಲಿ ಗಾಳಿಗೆಂದು ಬಿಟ್ಟ ಒಂದು ದುಂಡು ಕಿಂಡಿ. ಆ ಕಿಂಡಿಯಿಂದ ಅವನು ತಲೆ ಮುಂದಾಗಿ ನುಸುಳಿ ಪಾರಾಗುತ್ತಾನೆ. ನೀವು ಪಾರಾಗುವಾಗ ಹೆಂಗಸರು ಚೀರುತ್ತಿದ್ದರಂತೆ, ಮೂರು ಸೀಮೆಯ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ಆ ತೇಗದ ಗೋಡೆ ಇನ್ನೂ ಇದೆ. ಪ್ರತಿ ತಲೆಮಾರೂ ಅದರ ಮೇಲೊಂದು ಬಣ್ಣ ಬಳಿದಿದೆ. ಆದರೆ ಕಿಂಡಿಯಲ್ಲಿ ತಲೆ ಹಿಡಿಸುತ್ತದೆ, ಹೆಗಲು ಹಿಡಿಸುವುದಿಲ್ಲ. ಅದಕ್ಕೆ ನಮ್ಮಲ್ಲೊಂದು ಪದ್ಧತಿ: ರಾಜಕುಮಾರ ತಲೆ ಹಾಕಿದ ಕೂಡಲೇ ಗೋಡೆಯ ಹಿಂದೆ ಕೂತವನು ಕಿಂಡಿಯ ಕೆಳಗಿನ ಹಲಗೆಯನ್ನು ಎಳೆದು ಸಂದು ದೊಡ್ಡದು ಮಾಡಬೇಕು, ಹಲಗೆಯ ಕಿರುಗುಟ್ಟುವ ಸದ್ದು ಕೇಳದಂತೆ ತಾಳದವನು ಜೋರಾಗಿ ತಾಳ ಬಡಿಯಬೇಕು. ಹಲಗೆ ಎಳೆಯುವುದು ನಮ್ಮಲ್ಲಿ ಗೌರವದ ಕೆಲಸ. ಮೊದಲು ಅದಕ್ಕೆ ಕುಂಕುಮ ಹಚ್ಚುತ್ತೇವೆ. ಮೂಲಪುರುಷರೂ ಹೀಗೇ ಪಾರಾಗುತ್ತಿದ್ದರು ಎಂದು ನಾವು ನಂಬಿದ್ದೆವು. ಅನುಮಾನವೇ ಉಸಿರಾದ ಕಾಲದಲ್ಲಿ, ನೋಡಿ, ಬೆಳ್ಳಿನೆರಳು ಬಿಟ್ಟರೆ ನಂಬಿದ್ದು ಇದೊಂದನ್ನೇ, ಅದೂ ಸುಳ್ಳು!

ಗೋಡೆಯನ್ನು ಕಟ್ಟೆಯ ಮೇಲೆ ನಿಲ್ಲಿಸಿದರು. ಸಂಕಮ್ಮ ಸುಮ್ಮನೆ ಬಿಡುವವಳೇ? ತನ್ನ ಸಹಾಯಕಿಯನ್ನು ಕರೆದಳು. ನಿಂಬವ್ವನದೇ ವಯಸ್ಸು, ಅವಳಿಗಿಂತ ಬಡಕಲು. ಕೈಗಳನ್ನು ಎದೆಗೆ ಕಟ್ಟಿ ಕಿಂಡಿಗೆ ಬಿಟ್ಟರು. ತಲೆ ಹೋಯಿತು. ಹೆಗಲು ಸಿಕ್ಕಿಕೊಂಡಿತು. ಹುಡುಗಿ ಹೊರಳಿದಳು, ನರಳಿದಳು.

“ಅಕ್ಕಾರ, ಎಳಕೋರಿ ಹಿಂದ! ನಾ ಇದರಾಗ ಸಂಸಾರ ಮಾಡೂ ಹಂಗ ಕಾಣತೈತಿ!”

ಊರು ನಕ್ಕಿತು. ನಗು ಇನ್ನೂ ಮುಗಿದಿರಲಿಲ್ಲ. ನಿಂಬವ್ವ ಕೈ ಕಟ್ಟಿಸಿಕೊಂಡು ಮುಂದೆ ಬಂದಳು. ಒಮ್ಮೆ ತಾಯಿಯನ್ನು ನೋಡಿದಳು. ಆಮೇಲೆ ಎರಡೂ ಹೆಗಲನ್ನು ಮುಂದಕ್ಕೆ ತಂದು, ಕೈಯಲ್ಲಿ ಹಿಡಿದ ಪುಸ್ತಕ ಮುಚ್ಚುವ ಹಾಗೆ, ಗದ್ದದ ಕೆಳಗೆ ಒಂದಕ್ಕೊಂದು ಮುಟ್ಟಿಸಿಬಿಟ್ಟಳು! ತಾಳವಿಲ್ಲ, ಹಲಗೆ ಎಳೆಯುವವನಿಲ್ಲ. ಕಿಂಡಿಯ ಈಚೆ ಇದ್ದ ಹುಡುಗಿ ಆಚೆ ಇದ್ದಳು. ಇನ್ನೂರು ವರ್ಷದ ಹಿಂದೆ ಹೆಂಗಸರು ಯಾಕೆ ಚೀರುತ್ತಿದ್ದರು ಎಂಬುದು ನನಗೆ ಅರ್ಥವಾಯಿತು, ಮಹಾನುಭಾವರೇ. ಆ ಕಿಂಡಿಯನ್ನು ಕೊರೆದದ್ದು ಕೊರಳೆಲುಬು ಇಲ್ಲದ ಮೈಯ ಅಳತೆಗೆ. ಅಂದರೆ ನಿಮ್ಮ ಅಳತೆಗೆ!

ಸಂಕಮ್ಮ ಮೊಣಕಾಲೂರಿ ಗೋಡೆಯನ್ನು ಪರೀಕ್ಷಿಸಿದಳು. ಹಲಗೆಯ ಅಂಚನ್ನು ಉಗುರಿನಿಂದ ಕೆರೆದಳು. ಕಿಂಡಿಯ ಅಂಚಿನಲ್ಲಿ ಎಲ್ಲ ತಲೆಮಾರಿನ ಬಣ್ಣವೂ ಪದರಪದರವಾಗಿ ಇಳಿದಿತ್ತು. ಹಲಗೆ ಕತ್ತರಿಸಿದ ಗರಗಸದ ಗೆರೆಯಲ್ಲಿ ಮಾತ್ರ ಕೆಳಗಿನ ಎರಡು ಬಣ್ಣಗಳು ಇರಲಿಲ್ಲ.

“ಕಿಂಡಿ ಮೊದಲಿನದು. ಹಲಗಿ ಆಮ್ಯಾಲೆ ಕೊಯ್ದದ್ದು,” ಅಂದಳು. “ಮೊದಲ ಕುಣಿದಾವ ಹಲಗಿ ಇಲ್ಲದ ಪಾರಾಗ್ಯಾನ. ಈ ಗುರುತು ನಡುವಿನ ಕೆಲವರಾಗ ಹಲ್ಲಿನ್ಯಾಗಷ್ಟ ಉಳದಿರತೈತಿ. ಹುಡುಗಿ ನಿಮ್ಮದ ಐತಿ, ಭರಮಪ್ಪಣ್ಣ.”

ಕಲ್ಲವ್ವ ಮಗಳ ಕೈಕಟ್ಟು ಬಿಚ್ಚುತ್ತಿದ್ದಳು. ಗಂಟು ಬಿಗಿದುಹೋಗಿತ್ತು. ಈರಣ್ಣ ಹತ್ತಿರ ಹೋಗಿ ಕೈಹಚ್ಚಿದ. “ಸರೀರಿ, ಈಗ ಬಂದ್ರಿ” ಎಂದು ಅವಳು ಅವನ ಕೈ ತಳ್ಳಿದಳು. ಗಂಡ ಹೆಂಡಿರ ನಡುವಿನ ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ, ಆಗುವುದು ಅನುಮಾನ.

ಆದರೆ ಸಂಕಮ್ಮ ಕಟ್ಟೆ ಇಳಿಯಲಿಲ್ಲ. ಎಡಗೈಯ ಹಾಳೆಯನ್ನು ನನ್ನ ಮೂಗಿನ ಮುಂದೆ ಹಿಡಿದಳು. “ಹುಡುಗಿ ನಿಮ್ಮದಾದ್ರ, ಈ ಬಿಲ್ಲಿನಂಥ ಎಲುಬು ಯಾರದು? ಇದರ ಮ್ಯಾಲೆ ನಿಮ್ಮ ಮೂಲಪುರುಷನ ಹೆಸರೈತಿ. ಹೆಸರು ಖರೇ ಆದ್ರ ಹುಡುಗಿ ಸುಳ್ಳು. ಹುಡುಗಿ ಖರೇ ಆದ್ರ ಹೆಸರು ಸುಳ್ಳು. ಎರಡನ್ನೂ ನಾ ಬರಕೊಳ್ಳಾಕ ಬರೂದಿಲ್ಲ. ಒಂದ ಹೇಳು.”

ಕೇಳಿದಿರಾ! ನೆರಳನ್ನು ಉಳಿಸಿಕೊಂಡರೆ ಡೇರೆ ಉಳಿಯುತ್ತದೆ, ನೀರಿನ ಪಾಲು ಉಳಿಯುತ್ತದೆ, ಇಡೀ ಸಂಘದ ಜನ ಉಣ್ಣುತ್ತಾರೆ. ತಾಯಿ ಮಗಳಿಬ್ಬರು ಮಾತ್ರ ಹೊರಗೆ. ನೆರಳು ಸುಳ್ಳೆಂದರೆ ನಾವು ನೆರಳಿಲ್ಲದವರು. ಯಾವ ಊರಿನಲ್ಲೂ ಮೂರು ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ನಮ್ಮ ಮೊಳಕೈ ಒತ್ತಿ ನೋಡುವವರೂ ಇರುವುದಿಲ್ಲ. ಅನುಮಾನಿಸುವಷ್ಟು ಗೌರವವೂ ನೆರಳಿಲ್ಲದವರಿಗೆ ಸಿಗುವುದಿಲ್ಲ.

ಈ ಜಾಗದಲ್ಲಿ ನಾಟಕವಾದರೆ ನನಗೊಂದು ಉದ್ದನೆಯ ಸ್ವಗತವಿರುತ್ತಿತ್ತು. ಅಂದು ಬಾಯಿಗೆ ಬಂದದ್ದು ಒಂದೇ ಮಾತು: “ಮೊಳೆ ಕೊಡ್ರಿ.” ಗೋಡೆಯಿಂದ ಯಾರೋ ಕಿತ್ತು ಕೊಟ್ಟರು. ಹಾಳೆಯನ್ನು ಕಟ್ಟೆಯ ಕಲ್ಲಿನ ಮೇಲೆ ಹರಡಿ, ಅಂಚಿನಲ್ಲಿದ್ದ ಬಸಲಿಂಗಪ್ಪ ಬಣ್ಣದ ಎಂಬ ಹೆಸರನ್ನು ಅಕ್ಷರ ಅಕ್ಷರವಾಗಿ ಕೆರೆದು ಹಾಕಿದೆ. ಎದೆಯ ಚಿತ್ರಕ್ಕೆ ಕೈ ಹಚ್ಚಲಿಲ್ಲ. ಆ ಎದೆ ಯಾರದೋ ಪಾಪ. ಅವನಿಗೂ ಎಲ್ಲೋ ಮೊಮ್ಮಕ್ಕಳಿದ್ದಾರು.

ಗುಂಪು ಚದುರುವಾಗ ಒಬ್ಬ ಅಂದದ್ದು ನನಗೆ ಕೇಳಿಸಿತು: “ನಾಟಕದವರು ಮಾರಾಯಾ. ಹುಡುಗಿಗೆ ಮೊದಲ ಕಲಿಸಿ ತಂದಿರ್ತಾರ.” ಇನ್ನೊಬ್ಬ, “ಗ್ವಾಡಿನೂ ನಿನ್ನೆ ಬಳದದ್ದ ಇರಬೇಕ” ಅಂದ. ಗಂಟಿನ ಮನೆತನದವರು ತಾಂಬೂಲದ ತಟ್ಟೆ ಎತ್ತಿಕೊಂಡು ಹೋದರು. ನಿಂಬವ್ವ, “ಹೋಗ್ಲಿ ಬಿಡ್ರಿ ಅಜ್ಜಾ, ಆ ಹುಡುಗ ನನ್ನ ಮಾರಿ ನೋಡೂಕಿಂತ ಮೊಳಕೈ ನೋಡಿದ್ದ ಹೆಚ್ಚು” ಅಂದಳು. ನಾಳೆ ನಾವು ಈ ಊರು ಬಿಡುತ್ತೇವೆ.

ಈಗ ನನ್ನ ಪ್ರಶ್ನೆ. ಎಲೈ ನಟಶಿರೋಮಣಿ! ಆ ಎಕ್ಸ್‌ರೇ ಯಂತ್ರದ ಮುಂದೆ ನಿಂತವನು ಯಾರು?

ನನಗೆ ಗೊತ್ತು, ನೀವು ಹೇಳುವುದಿಲ್ಲ. ನಾನೇ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ನಿಮಗೆ ಕೆಮ್ಮು ಹತ್ತಿತು, ವಾರಗಟ್ಟಲೆ ಬಿಡಲಿಲ್ಲ. ಡಾಕ್ಟರು ಎದೆಯ ಚಿತ್ರ ತೆಗೆಸಿ ಎಂದರು. ನಿಮಗೆ ಕೆಮ್ಮಿನ ಭಯವಿರಲಿಲ್ಲ. ಆ ಹಾಳೆಯಲ್ಲಿ ಇಲ್ಲದ ಎಲುಬು ಇಲ್ಲವೆಂದು ಕಾಣುತ್ತದಲ್ಲ, ಆ ಭಯ. ಜನ ಸೀಟಿ ಹೊಡೆದದ್ದು ಕಲೆಗಲ್ಲ, ಊನಕ್ಕೆ ಎಂದು ನಾಳೆ ಯಾರಾದರೂ ಅಂದರೆ? ಹಾಗೆಂದು ನೀವು ಹೆದರಿದಿರಿ. ಅದಕ್ಕೇ ಅಲ್ಲವೇ ರಂಗದ ಮೇಲೆ ಭುಜಕೀರ್ತಿ ಇಲ್ಲದೆ ಒಂದು ದಿನವೂ ಬರಲಿಲ್ಲ? ಸೆರೆಮನೆಯ ಕೈದಿಗೂ ಭುಜಕೀರ್ತಿ ಕಟ್ಟಿ, ಕಿಂಡಿಯ ಹತ್ತಿರ ಕತ್ತಲು ಮಾಡಿಸಿ ಬಿಚ್ಚುತ್ತಿದ್ದಿರಿ! ಆ ಪದ್ಧತಿಯೂ ನಮ್ಮಲ್ಲಿ ಉಳಿದಿದೆ. ಯಾಕೆಂದು ಯಾರೂ ಕೇಳಿರಲಿಲ್ಲ. ಆಮೇಲೆ ನಾಟಕದವರಿಗೆ ಮಾತ್ರ ಹೊಳೆಯುವ ಉಪಾಯ ನಿಮಗೆ ಹೊಳೆಯಿತು. ನಾಯಕನಿಗೆ ಆಗದಿದ್ದರೆ ಬದಲಿಯವನು ಬಣ್ಣ ಹಚ್ಚಬೇಕು. ಅವನು ರಂಗದಲ್ಲಿರುವಷ್ಟು ಹೊತ್ತು ಅವನ ಹೆಸರೇ ನಾಯಕನ ಹೆಸರು. ಕಂಪನಿಯಲ್ಲಿ ಇದು ಮೋಸವಲ್ಲ, ಶಿಸ್ತು. ನಿಮ್ಮ ಬದಲಿ ಪಾತ್ರಧಾರಿಯನ್ನು ಆಸ್ಪತ್ರೆಗೆ ಕಳಿಸಿದಿರಿ. ಅವನು ನಿಮ್ಮ ಹೆಸರು ಹೇಳಿ, ಎದೆಯುಬ್ಬಿಸಿ, ಉಸಿರು ಹಿಡಿದು, ಪಾತ್ರ ಮುಗಿಸಿ ಬಂದ. ಅವನಿಗೆ ಚಪ್ಪಾಳೆ ಇನ್ನೂರು ವರ್ಷ ಬಿತ್ತು!

ನಿಮ್ಮ ಕೆಮ್ಮು ಏನಾಯಿತು? ಅವನ ಎದೆ ನೋಡಿ ಡಾಕ್ಟರು ನಿಮಗೆ ಯಾವ ಔಷಧ ಕೊಟ್ಟರು? ಮೂವತ್ತೈದರ ಮೇಲೆ ನಿಮ್ಮ ಬಗ್ಗೆ ನಮ್ಮಲ್ಲಿ ಯಾವ ಕಥೆಯೂ ಇಲ್ಲ. ಆ ಮೌನವನ್ನು ನಾನು ತುಂಬ ಅನುಮಾನದಿಂದ ನೋಡುತ್ತಿದ್ದೇನೆ.

ಅಷ್ಟೇ ಅಲ್ಲ, ಇನ್ನೊಂದು ಅನುಮಾನ ಈಗ ಬರೆಯುತ್ತಾ ಹುಟ್ಟಿತು. ಈ ಪತ್ರ ಓದುತ್ತಿರುವವರು ನೀವೇ ತಾನೇ? ಅಥವಾ ಏಳು ತಲೆಮಾರಿನ ಮುಂದಿನ ಮುದುಕನ ಬೈಗುಳ ಕೇಳಲೂ ಬದಲಿಯವನನ್ನು ಕೂರಿಸಿದ್ದೀರಾ? ಹಾಗಿದ್ದರೆ ತಮ್ಮಾ, ನೀನು ಯಾರೇ ಆಗಿರು, ಎದ್ದು ಹೋಗಿ ಅವರನ್ನು ಕರೆದು ತಾ. ಮುಂದಿನದನ್ನು ಅವರೇ ಓದಬೇಕು.

ಬಸಲಿಂಗಪ್ಪನವರೇ, ಆ ಚಿತ್ರ ಈಗಾಗಲೇ ತೆಗೆದಾಗಿದೆಯೋ ಇಲ್ಲವೋ ನಾನರಿಯೆ. ತೆಗೆದಿಲ್ಲವಾದರೆ ನೀವೇ ಹೋಗಿ. ಅಂಗಿ ಬಿಚ್ಚಿ. ಭುಜಕೀರ್ತಿ ಬಿಚ್ಚಿ. ತಣ್ಣನೆಯ ಫಲಕಕ್ಕೆ ಎದೆ ಹಚ್ಚಿ ನಿಮ್ಮ ಮೈಯಲ್ಲಿ ನೀವೇ ನಿಲ್ಲಿ. ನಿಮಗೆ ಊನವೆಂದು ಕಾಣುವ ಆ ಖಾಲಿ ಜಾಗದಂಥ ಮುದ್ರೆ ಈ ಸೀಮೆಯಲ್ಲಿ ಯಾರಿಗೂ ಇಲ್ಲ. ತೆಗೆದಾಗಿದ್ದರೂ ಇನ್ನೊಮ್ಮೆ ಹೋಗಿ, ಕೆಮ್ಮಿಗಾಗಿಯಾದರೂ ಹೋಗಿ. ಈ ಪತ್ರ ನಿಮ್ಮ ನಂತರ ಬೇರೆ ಯಾರ ಕೈಗಾದರೂ ಸಿಕ್ಕರೆ ಅವರಿಗೂ ಇದೇ ಎಚ್ಚರಿಕೆ: ಮನೆಯಲ್ಲಿ ಯಾರದ್ದಾದರೂ ಎಲುಬು ಬೇರೆ ಥರ ಇದ್ದರೆ ಮಕ್ಕಳಿಗೆ ಹೇಳಿ. ನೀವು ಮುಚ್ಚಿಟ್ಟದ್ದಕ್ಕೆ ಮುಂದೆ ಯಾವಳೋ ಸೊಸೆ ಕಟ್ಟೆಯ ಮೇಲೆ ನಿಂತು ಉತ್ತರ ಕೊಡಬೇಕಾಗುತ್ತದೆ.

ಇಷ್ಟು ಬರೆದು ಲಕೋಟೆ ಮುಚ್ಚುವವನಿದ್ದೆ. ನಿಂಬವ್ವ ಪಕ್ಕದಲ್ಲಿ ಕೂತು ಓದಿಸಿಕೊಂಡಳು. ನನ್ನ ಗರ್ಜನೆಗಳಿಗೆಲ್ಲ ನಕ್ಕಳು. ಆಮೇಲೆ, “ಅಜ್ಜಾ, ಅವರಿಗೆ ಭಾಳ ಬೈದ್ರಿ. ನಂದೂ ನಾಕ ಮಾತು ಬರೀರಿ” ಅಂದಳು. ಅವಳಿಗೆ ಹಕ್ಕುಪತ್ರ ಬೇಕಿಲ್ಲವಂತೆ. ಅವಳಂಥ ಮೈಯವರು ನಮ್ಮ ಸುತ್ತಮುತ್ತ ಇನ್ನೊಬ್ಬರಿಲ್ಲ. ಕೇಳಲು ಅವಳಿಗಿರುವವರು ನೀವೊಬ್ಬರೇ. ಅವಳು ಹೇಳಿದಂತೆಯೇ ಬರೆಯುತ್ತಿದ್ದೇನೆ.

ಮಗ್ಗುಲಾಗಿ ಮಲಗಿದರೆ ಹೆಗಲು ಎದೆಯ ಮೇಲೆ ಮಡಚಿಕೊಂಡು ಕೈ ಜೋಮು ಹಿಡಿಯುತ್ತದೆ. ನೀವು ಯಾವ ಮಗ್ಗುಲಿಗೆ ಮಲಗುತ್ತೀರಿ? ನೀರಿನ ಕೊಡ ಎತ್ತುವಾಗ ಭಾರವನ್ನು ಎಲ್ಲಿ ಹಿಡಿಯುತ್ತೀರಿ? ಹಾಲುಹಲ್ಲಿನ ಹಿಂದೆ ಇನ್ನೊಂದು ಸಾಲು ಹಲ್ಲು ಬರುತ್ತಿದೆ, ಕೀಳಿಸಬೇಕೋ ಬಿಡಬೇಕೋ? ನನ್ನ ನೆತ್ತಿ ಇನ್ನೂ ಮೆತ್ತಗಿದೆ, ಬೆರಳಿಟ್ಟರೆ ಒಳಗೆ ಮಿಡಿಯುವುದು ತಿಳಿಯುತ್ತದೆ. ನಾಳೆಯಿಂದ ಆ ರಾಜಕುಮಾರನ ಪಾತ್ರ ನನಗೇ ಎಂದು ಅಜ್ಜ ಹೇಳಿದ್ದಾರೆ. ಕಿರೀಟದ ಒಳಗೆ ನೀವು ಏನು ಇಟ್ಟುಕೊಳ್ಳುತ್ತೀರಿ, ಅರಿವೆಯೋ ಹತ್ತಿಯೋ?

ಉತ್ತರವನ್ನು ಗೋಡೆಯ ಹಿಂಬದಿ, ಬಣ್ಣ ಬಳಿಯದ ಕಡೆ, ಮೊಳೆಯಿಂದ ಕೊರೆದು ಬಿಡಿ. ನಾಳೆ ಗಾಡಿಗೆ ಹೇರುವ ಮೊದಲು ಅವಳು ತಿರುಗಿಸಿ ನೋಡುತ್ತಾಳಂತೆ.

ನಿಮ್ಮ ಮೇಲಿನ ಅನುಮಾನ ಪೂರ್ತಿ ಹೋಗದ,
ಆದರೂ ನಿಮ್ಮವನೇ ಆದ,
ಭರಮಪ್ಪ ಬಣ್ಣದ